ಬೇಸಿಗೆಗೆ ಸಮುದ್ರಕ್ಕೆ ಹೊರಟಿರಾ? ಟ್ರಂಕಿನಲ್ಲಿ ಇದ್ದದ್ದನ್ನೇ ಮೊದಲು ತೆಗೆಯಿರಿ

ಜತ್ತ: ದ್ರಾಕ್ಷಿ ಕಟಾವು ಮುಗಿದು, ಬೇದಾಣಾ ಮಾರಿ, ಮಕ್ಕಳ ಪರೀಕ್ಷೆಯೂ ಮುಗಿಯಿತೆಂದರೆ ನಮ್ಮ ತಾಲೂಕಿನ ಅನೇಕ ಮನೆಗಳಲ್ಲಿ ಒಂದೇ ಮಾತು: "ಈ ಸಲ ಸಮುದ್ರ ನೋಡಿ ಬರೋಣ." ನಾಲ್ಕು ಮನೆಯವರು ಸೇರಿ ಒಂದು ಗಾಡಿ ಮಾಡುತ್ತಾರೆ. ಮಿರಜ, ಕೊಲ್ಹಾಪುರ ದಾಟಿ ಆಂಬಾ ಘಾಟ ಇಳಿದು ಗಣಪತಿಪುಳೆಗೆ ಹೋಗುವವರುಂಟು, ಮಾಲವಣ-ತಾರಕರ್ಲಿಗೆ ಹೋಗುವವರುಂಟು. ಗಡಿಯಾಚೆ ಬೀಗರಿದ್ದವರು ಅವರನ್ನೂ ಕರೆದುಕೊಂಡು ಗೋಕರ್ಣ, ಮುರುಡೇಶ್ವರದ ದಾರಿ ಹಿಡಿಯುತ್ತಾರೆ.

ಹೊರಡುವ ಮೊದಲು ಪೇಟೆಗೆ ಹೋಗಿ ಹೂವಿನ ಚಿತ್ರದ ಶರ್ಟು, ಹೊಳೆಯುವ ಬರಮುಡಾ, ಮಕ್ಕಳಿಗೆ ತೆಳ್ಳನೆಯ ಟೀ ಶರ್ಟು ಕೊಳ್ಳುವುದು ಈಗ ರೂಢಿಯಾಗಿದೆ. ಮೂರು ದಿನದ ಪ್ರವಾಸ ಮುಗಿದ ಮೇಲೆ ಆ ಬಟ್ಟೆಗಳು ಏನಾಗುತ್ತವೆ? ಒಂದೆರಡು ಒಗೆತಕ್ಕೆ ಬಣ್ಣ ಬಿಟ್ಟು, ಬೈಕು ಒರೆಸುವ ಚಿಂದಿಯಾಗಿ, ಕೊನೆಗೆ ತಿಪ್ಪೆ ಸೇರುತ್ತವೆ. ದುಡ್ಡೂ ಹೋಯಿತು, ಬಟ್ಟೆಯೂ ಹೋಯಿತು. ನೀರು, ನದಿ, ನೇಕಾರರ ಲೆಕ್ಕ ಬೇರೆಯೇ ಇದೆ. ಸಮುದ್ರ ಪ್ರವಾಸಕ್ಕೆ ಪರಿಸರಸ್ನೇಹಿ ಉಡುಪನ್ನು ಆರಿಸುವುದು ಹೇಗೆ ಎಂಬುದನ್ನು ನಮ್ಮ ಸೀಮೆಯ ಕಣ್ಣಿನಿಂದ ನೋಡೋಣ.

ನಮ್ಮ ಬಿಸಿಲು ಬೇರೆ, ಕರಾವಳಿಯ ಬಿಸಿಲು ಬೇರೆ

ಜತ್ತದ ಬಿಸಿಲು ಒಣ ಬಿಸಿಲು. ಇಲ್ಲಿ ಬೆವರು ಬಂದ ಹಾಗೆಯೇ ಆರಿ ಹೋಗುತ್ತದೆ. ಹಿತ್ತಲಲ್ಲಿ ಹರವಿದ ಧೋತರ ಅರ್ಧ ತಾಸಿನಲ್ಲಿ ಗರಿಗರಿಯಾಗುತ್ತದೆ. ಕರಾವಳಿಯಲ್ಲಿ ಉಷ್ಣತೆ ನಮಗಿಂತ ಕಡಿಮೆ ಇದ್ದರೂ ಗಾಳಿಯಲ್ಲಿ ತೇವ ತುಂಬಿರುತ್ತದೆ. ಆದ್ದರಿಂದ ಬೆವರು ಆರುವುದಿಲ್ಲ, ಮೈಗೆ ಅಂಟುತ್ತದೆ. ದಪ್ಪ ಟೆರ್ರಿ ಟವೆಲು, ಜೀನ್ಸ್ ಪ್ಯಾಂಟು ಒಮ್ಮೆ ಒದ್ದೆಯಾದರೆ ಮರುದಿನವೂ ಹಸಿಯಾಗಿಯೇ ಇದ್ದು ವಾಸನೆ ಹಿಡಿಯುತ್ತವೆ. ಇಲ್ಲಿನ ಅಂದಾಜಿನ ಮೇಲೆ ಬಟ್ಟೆ ಕಟ್ಟಿಕೊಂಡು ಹೋದವರು ಅಲ್ಲಿ ಕಷ್ಟಪಡುವುದು ಇದಕ್ಕೇ.

ಹಾಗಾಗಿ ಕರಾವಳಿಗೆ ಬೇಕಾದದ್ದು ತೆಳ್ಳಗಿನ, ಸಡಿಲವಾಗಿ ಹೊಲಿದ ಹತ್ತಿ ಬಟ್ಟೆ. ಹತ್ತಿ ಬೆವರನ್ನು ಹೀರುತ್ತದೆ, ಸಡಿಲವಾಗಿದ್ದರೆ ಒಳಗೆ ಗಾಳಿ ಆಡುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ ನಿಜ, ಆದರೆ ಬೆವರನ್ನು ಹೀರುವುದಿಲ್ಲ. ದಿನವಿಡೀ ಮೈಮೇಲಿದ್ದರೆ ತೊಡೆ ಸಂದು, ಕಂಕುಳಲ್ಲಿ ಬೆವರುಸಾಲೆ ಏಳುವುದು ಇದರಿಂದಲೇ.

ಬಿಸಿಲು ತಡೆಯುವ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಬಿಳಿ ಬಟ್ಟೆ ತಂಪು ಎಂಬುದು ಸರಿ. ಆದರೆ ಚರ್ಮ ಸುಡುವ ಅತಿನೇರಳೆ ಕಿರಣಗಳನ್ನು ತೆಳ್ಳನೆಯ ಬಿಳಿ ಹತ್ತಿ ಅಷ್ಟಾಗಿ ತಡೆಯುವುದಿಲ್ಲ. ಒದ್ದೆಯಾದಾಗಂತೂ ಇನ್ನೂ ಕಡಿಮೆ. ಒತ್ತಾಗಿ ನೇಯ್ದ, ಸ್ವಲ್ಪ ಗಾಢ ಬಣ್ಣದ ಬಟ್ಟೆಯೇ ಹೆಚ್ಚು ತಡೆಯುತ್ತದೆ. ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಮರಳಿನ ಮೇಲೆ ಕೂಡದಿರುವುದೇ ಒಳ್ಳೆಯದು. ಕೂಡಲೇಬೇಕಾದರೆ ತುಂಬು ತೋಳಿನ ಅಂಗಿ, ತಲೆಗೆ ರುಮಾಲು ಇರಲಿ. ಹೊಲದಲ್ಲಿ ನಮ್ಮ ಹಿರಿಯರು ಉಟ್ಟದ್ದೂ ಇದನ್ನೇ.

ಬಟ್ಟೆ ಎಲ್ಲಿಂದ ಬರುತ್ತದೆ?

ಅಂಗಡಿಯಲ್ಲಿ ಸಿಗುವ ಬೇಸಿಗೆ ಬಟ್ಟೆಗಳು ಹೆಚ್ಚಾಗಿ ಮೂರು ಬಗೆಯವು: ಹತ್ತಿ, ಪಾಲಿಯೆಸ್ಟರ್, ರೇಯಾನ್. ಮೂರಕ್ಕೂ ಒಂದೊಂದು ಲೆಕ್ಕ ಇದೆ.

ಹತ್ತಿ: ಇದು ಮಣ್ಣಿನಲ್ಲಿ ಬೆಳೆದು ಮಣ್ಣಿಗೇ ಸೇರುವ ನೂಲು. ಆದರೆ ಪುಕ್ಕಟೆ ಬರುವುದಿಲ್ಲ. ಒಂದು ಹತ್ತಿ ಟೀ ಶರ್ಟು ತಯಾರಾಗಲು ಹೊಲದಿಂದ ಅಂಗಡಿಯವರೆಗೆ ಸುಮಾರು 2,700 ಲೀಟರ್ ನೀರು ಬೇಕು ಎಂಬುದು ಪರಿಸರ ಸಂಸ್ಥೆಗಳು ಕೊಡುವ ಅಂದಾಜು. ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ಕಾಯ್ದವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಒಂದೇ ಒಂದು ಶರ್ಟಿಗೆ! ಅಂಥ ಶರ್ಟನ್ನು ಮೂರು ದಿನ ತೊಟ್ಟು ಬಿಸಾಡುವುದು ಸರಿಯೇ?

ಪಾಲಿಯೆಸ್ಟರ್: ಇದರ ಮೂಲ ಕಚ್ಚಾ ತೈಲ. ಅಂದರೆ ಇದೂ ಒಂದು ಬಗೆಯ ಪ್ಲಾಸ್ಟಿಕ್ಕೇ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳು ಕಿತ್ತು ನೀರಿನಲ್ಲಿ ಹೋಗುತ್ತವೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರು ಕಿಲೋ ಪಾಲಿಯೆಸ್ಟರ್ ಬಟ್ಟೆಯನ್ನು ಒಮ್ಮೆ ಯಂತ್ರದಲ್ಲಿ ಒಗೆದರೆ ಸುಮಾರು 5 ಲಕ್ಷ ಎಳೆಗಳು ಬಿಡುತ್ತವೆ. ಅಕ್ರಿಲಿಕ್ ಆದರೆ 7 ಲಕ್ಷಕ್ಕೂ ಹೆಚ್ಚು. ನೇರವಾಗಿ ಸೂಕ್ಷ್ಮ ಕಣಗಳ ರೂಪದಲ್ಲೇ ಸಮುದ್ರ ಸೇರುವ ಪ್ಲಾಸ್ಟಿಕ್ಕಿನಲ್ಲಿ ಸುಮಾರು ಶೇ. 35ರಷ್ಟು ಕೃತಕ ಬಟ್ಟೆ ಒಗೆಯುವುದರಿಂದಲೇ ಬರುತ್ತದೆ ಎಂದು ಐಯುಸಿಎನ್ ಸಂಸ್ಥೆ 2017ರ ವರದಿಯಲ್ಲಿ ಹೇಳಿದೆ. ನಾವು ನೋಡಲು ಹೋಗುವ ಸಮುದ್ರಕ್ಕೆ ನಮ್ಮ ಮನೆಯ ಬಚ್ಚಲಿನಿಂದಲೂ ಒಂದು ದಾರಿ ಇದೆ ಎಂದಾಯಿತು.

ರೇಯಾನ್: ಕಡಲತೀರದ ಅಂಗಡಿಗಳಲ್ಲಿ ತೂಗುಹಾಕಿರುವ ಮೆತ್ತನೆಯ ಹೂವಿನ ಶರ್ಟುಗಳಲ್ಲಿ ಬಹಳಷ್ಟು ರೇಯಾನಿನವು. ಇದು ಮರದ ತಿರುಳಿನಿಂದ ಮಾಡಿದ ನೂಲು. "ಮರದಿಂದ ಬಂದದ್ದು, ಆದ್ದರಿಂದ ಒಳ್ಳೆಯದು" ಎಂದು ಅಂಗಡಿಯವರು ಹೇಳಬಹುದು. ಆದರೆ ಕರ್ನಾಟಕದವರಿಗೆ ಇದರ ಹಿಂದಿನ ಕಥೆ ಗೊತ್ತು. ತುಂಗಭದ್ರೆಯ ದಂಡೆಯಲ್ಲಿರುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ರೇಯಾನಿಗೆ ಬೇಕಾದ ತಿರುಳು ತಯಾರಿಸುತ್ತಿತ್ತು. ಅದಕ್ಕೆ ಕಟ್ಟಿಗೆ ಒದಗಿಸಲೆಂದು 1984ರಲ್ಲಿ ಸರಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಕಟ್ಟಿದವು. ದನ ಮೇಯುತ್ತಿದ್ದ, ಬಡವರು ಉರುವಲು ಆರಿಸುತ್ತಿದ್ದ ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ಅದು. ಇದನ್ನು ವಿರೋಧಿಸಿ 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನ "ಕಿತ್ತಿಕೋ-ಹಚ್ಚಿಕೋ" ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಲಾಯಿತು. ಒಂದು ಶರ್ಟಿನ ಹಿಂದೆ ಒಂದು ಊರಿನ ಗಾಯರಾನವೂ ಇರಬಹುದು ಎಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಯಾವುದನ್ನು ತೊಡಬೇಕು? ಪೂರ್ತಿ ನಿರ್ದೋಷಿ ಬಟ್ಟೆ ಎಂಬುದು ಯಾವುದೂ ಇಲ್ಲ. ಈಗಾಗಲೇ ಮನೆಯಲ್ಲಿ ಇರುವ ಬಟ್ಟೆಗೆ ಮಾತ್ರ ಹೊಸ ನೀರು, ಹೊಸ ತೈಲ, ಹೊಸ ಮರ ಬೇಡ. ಪರಿಸರಸ್ನೇಹಿ ಉಡುಪಿನ ಮೊದಲ ಪಾಠ ಇದೇ.

ಟ್ರಂಕಿನಲ್ಲಿ ಏನೇನಿದೆ?

ಪಂಚಾ: ನಮ್ಮ ಕಡೆ ಹೆಗಲ ಮೇಲೆ ಹಾಕಿಕೊಳ್ಳುವ ತೆಳ್ಳನೆಯ ಹತ್ತಿ ಪಂಚಾ ಸಮುದ್ರಕ್ಕೆ ದಪ್ಪ ಟವೆಲಿಗಿಂತ ಎಷ್ಟೋ ಮೇಲು. ಮೈ ಒರೆಸಬಹುದು, ಸೊಂಟಕ್ಕೆ ಸುತ್ತಬಹುದು, ತಲೆಗೆ ಕಟ್ಟಬಹುದು. ತೇವದ ಗಾಳಿಯಲ್ಲೂ ಬೇಗ ಆರುತ್ತದೆ. ತಲೆಗೆ ಎರಡು ಪಂಚಾ ಇದ್ದರೆ ಸಾಕು.

ಲುಂಗಿ, ಧೋತರ: ಕಡಲತೀರಕ್ಕೆಂದೇ ಹೊರದೇಶದವರು ಸೊಂಟಕ್ಕೆ ಸುತ್ತುವ ಬಟ್ಟೆ ಕೊಳ್ಳುತ್ತಾರೆ. ನಮ್ಮ ಹತ್ತಿ ಲುಂಗಿ ಅದೇ ಕೆಲಸ ಮಾಡುತ್ತದೆ. ಇನ್ನೊಂದು ಅನುಕೂಲವಿದೆ. ನಮ್ಮ ಸಮುದ್ರ ಪ್ರವಾಸ ಬರೀ ಸಮುದ್ರಕ್ಕಲ್ಲ, ದೇವರಿಗೂ ಹೌದು. ಗಣಪತಿಪುಳೆಯಲ್ಲಿ ಗುಡಿಯ ಮುಂದೆಯೇ ಸಮುದ್ರ. ಗೋಕರ್ಣ, ಮುರುಡೇಶ್ವರಗಳೂ ಹಾಗೆಯೇ. ಬರಮುಡಾ ತೊಟ್ಟು ಗುಡಿಗೆ ಹೋಗಲು ಸಂಕೋಚವಾಗುತ್ತದೆ. ಧೋತರ ಎರಡೂ ಕಡೆ ನಡೆಯುತ್ತದೆ, ಒಂದು ಜೊತೆ ಬಟ್ಟೆ ಉಳಿಯುತ್ತದೆ.

ಹಳೆಯ ಹತ್ತಿ ಸೀರೆ: ಒಗೆದು ಒಗೆದು ಮೆತ್ತಗಾದ ಸೀರೆ ಬಿಸಿಲಿಗೆ ಹೇಳಿ ಮಾಡಿಸಿದ್ದು. ಉಡಲು ಬಾರದಷ್ಟು ಹಳೆಯದಾಗಿದ್ದರೆ ಊರಿನ ದರ್ಜಿಯ ಹತ್ತಿರ ಮಕ್ಕಳಿಗೆ ಜುಬ್ಬಾ, ದೊಡ್ಡವರಿಗೆ ಸಡಿಲ ಪೈಜಾಮ ಹೊಲಿಸಬಹುದು. ಒಂದು ಸೀರೆಯಲ್ಲಿ ಎರಡು ಮೂರು ಬಟ್ಟೆ ಏಳುತ್ತವೆ. ಅದೇ ಸೀರೆಯ ಸೆರಗಿನಲ್ಲಿ ಒಂದು ಪಿಶವಿ ಹೊಲಿಸಿಕೊಂಡರೆ ಒದ್ದೆ ಬಟ್ಟೆ ತುಂಬಲು ಪ್ಲಾಸ್ಟಿಕ್ ಚೀಲ ಬೇಕಾಗುವುದಿಲ್ಲ.

ಕೌದಿ: ಮರಳಿನ ಮೇಲೆ ಹಾಸಲು ಪ್ಲಾಸ್ಟಿಕ್ ಚಾಪೆ ಯಾಕೆ? ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ತೆಳ್ಳನೆಯ ಕೌದಿ, ಮರಾಠಿಯಲ್ಲಿ ಗೋಧಡಿ ಎನ್ನುವುದು, ನಮ್ಮ ಎಲ್ಲರ ಮನೆಯಲ್ಲೂ ಇದೆ. ಹಳೆಯ ಬಟ್ಟೆಯನ್ನು ಮತ್ತೆ ಬಳಸುವ ವಿದ್ಯೆಯನ್ನು ನಮ್ಮ ಅಜ್ಜಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಇಲ್ಲದಿದ್ದದ್ದನ್ನು ಅಣ್ಣತಮ್ಮಂದಿರ ಮನೆಯಿಂದ ಎರವಲು ತನ್ನಿರಿ. ಮಕ್ಕಳ ಬಟ್ಟೆಯಂತೂ ಒಂದೇ ವರ್ಷಕ್ಕೆ ಗಿಡ್ಡವಾಗುತ್ತದೆ. ದೊಡ್ಡವನದು ಚಿಕ್ಕವನಿಗೆ ಬಂದರೆ ಅದರಲ್ಲಿ ಅವಮಾನವೇನೂ ಇಲ್ಲ.

ನೀರಿಗೆ ಇಳಿಯುವಾಗ

ಇಲ್ಲಿ ಮಾತ್ರ ಎಚ್ಚರ ಬೇಕು. ಹತ್ತಿಯ ಸೀರೆ ದಂಡೆಯ ಮೇಲೆ ಒಳ್ಳೆಯದು, ನೀರಿನಲ್ಲಿ ಅಲ್ಲ. ಐದಾರು ವಾರ ಬಟ್ಟೆ ನೀರು ಕುಡಿದರೆ ಬಹಳ ಭಾರವಾಗುತ್ತದೆ. ಅಲೆ ಹಿಂದೆ ಸರಿಯುವಾಗ ಅದು ಕಾಲಿಗೆ ಸುತ್ತಿಕೊಂಡು ಬೀಳಿಸುತ್ತದೆ. ಸಡಿಲ ಧೋತರ, ಉದ್ದ ಓಢಣಿ, ಜೀನ್ಸ್ ಪ್ಯಾಂಟು ಕೂಡ ಹಾಗೆಯೇ. ನಮ್ಮ ತಾಲೂಕಿನಲ್ಲಿ ಈಜು ಕಲಿಯಲು ನೀರೇ ಇಲ್ಲ. ಬಾವಿಯಲ್ಲಿ ಈಜಿದವರಿಗೂ ಸಮುದ್ರದ ಸೆಳೆತ ಗೊತ್ತಿರುವುದಿಲ್ಲ. ಆದ್ದರಿಂದ ನೀರಿಗೆ ಇಳಿಯುವ ಹೆಣ್ಣುಮಕ್ಕಳು ಮೊಣಕಾಲುದ್ದದ ಕುರ್ತಾ ಮತ್ತು ಕಾಲಿಗೆ ಬಿಗಿಯಾದ ಪಾಯಿಜಾಮ ತೊಡುವುದು ಲೇಸು. ಓಢಣಿ ಚೀಲದಲ್ಲಿರಲಿ.

ಮಕ್ಕಳಿಗೆ ನೀಲಿ, ಬೂದು, ಬಿಳಿ ಬಟ್ಟೆ ಹಾಕಿ ನೀರಿಗೆ ಬಿಡಬೇಡಿ. ನೀರಿನಲ್ಲಿ, ನೊರೆಯಲ್ಲಿ ಆ ಬಣ್ಣಗಳು ಕಾಣುವುದೇ ಇಲ್ಲ. ಕೇಸರಿ, ಕೆಂಪು, ಕಡು ಹಳದಿ ದೂರದಿಂದಲೂ ಕಣ್ಣಿಗೆ ಬೀಳುತ್ತವೆ. ದಿನವೂ ಈಜುವವರಿಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಈಜುಡುಗೆಯೇ ಸರಿ. ಅದು ನೀರು ಕುಡಿಯುವುದಿಲ್ಲ. ಆದರೆ ಪ್ರತಿ ವರ್ಷ ಹೊಸದು ಬೇಡ. ಒಂದೇ ಒಳ್ಳೆಯದನ್ನು ಕೊಂಡು, ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿದರೆ ಅನೇಕ ವರ್ಷ ಬರುತ್ತದೆ. ಪರಿಸರದ ಹೆಸರಿನಲ್ಲಿ ಜೀವಕ್ಕೆ ಅಪಾಯ ತಂದುಕೊಳ್ಳುವುದು ಜಾಣತನವಲ್ಲ.

ಕಾಲಿಗೆ ಏನು?

ಕೊಲ್ಹಾಪುರಿ ಚಪ್ಪಲಿ ಕೊಲ್ಹಾಪುರದ್ದು ಮಾತ್ರವಲ್ಲ, ನಮ್ಮದೂ ಹೌದು. ಇದಕ್ಕೆ ಸಿಕ್ಕಿರುವ ಭೌಗೋಳಿಕ ಗುರುತು ಅಂದರೆ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ ಹಾಗೂ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಹೀಗೆ ಎಂಟು ಜಿಲ್ಲೆಗಳಿವೆ. ಎರಡೂ ರಾಜ್ಯಗಳ ಚರ್ಮೋದ್ಯೋಗ ನಿಗಮಗಳಾದ ಲಿಡ್ಕಾಮ್ ಮತ್ತು ಲಿಡ್ಕರ್ ಸೇರಿ ಪಡೆದ ಮಾನ್ಯತೆ ಇದು. ಗಡಿಯ ವಿಷಯದಲ್ಲಿ ಒಂದಾಗದ ಎರಡು ರಾಜ್ಯಗಳು ಚಪ್ಪಲಿಯ ವಿಷಯದಲ್ಲಿ ಒಂದಾದವು! ಅಥಣಿ, ನಿಪ್ಪಾಣಿಗಳಲ್ಲಿ ಇಂದಿಗೂ ಇದನ್ನು ಕೈಯಲ್ಲೇ ಹೊಲಿಯುತ್ತಾರೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಮುಂದಿನ ಬೇಸಿಗೆಯ ಉಡುಪುಗಳ ಜೊತೆ ಇದೇ ಮಾದರಿಯ ಚಪ್ಪಲಿ ತೋರಿಸಿತು. ಮೂಲ ಎಲ್ಲಿಯದೆಂದು ಹೇಳಲಿಲ್ಲ. ಇಲ್ಲಿಂದ ಆಕ್ಷೇಪ ಎದ್ದ ಮೇಲೆ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದು ಎಂದು ಒಪ್ಪಿಕೊಂಡಿತು.

ಇಷ್ಟೆಲ್ಲ ಹೆಮ್ಮೆಯಿದ್ದರೂ ಕೊಲ್ಹಾಪುರಿ ಮೆಟ್ಟಿಕೊಂಡು ಅಲೆಗೆ ಇಳಿಯಬೇಡಿ. ಗಿಡದ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ಚರ್ಮ ಅದು. ಉಪ್ಪು ನೀರು ಕುಡಿದರೆ ಒಣಗಿದ ಮೇಲೆ ಸೆಟೆದು ಬಿರಿಯುತ್ತದೆ. ಈ ಸಾಲು ಬರೆಯುತ್ತಿರುವವನು ಗಣಪತಿಪುಳೆಯಲ್ಲಿ ಹೊಸ ಜೋಡಿಯೊಂದನ್ನು ಹೀಗೆಯೇ ಹಾಳು ಮಾಡಿಕೊಂಡು, ತಿರುಗಿ ಬರುವಾಗ ಬರಿಗಾಲಲ್ಲಿ ಗಾಡಿ ಹತ್ತಿದ್ದುಂಟು. ಊರಲ್ಲಿ, ಗುಡಿಗೆ, ಪೇಟೆಗೆ ಕೊಲ್ಹಾಪುರಿ. ಮರಳಿನ ಮೇಲೆ ಬರಿಗಾಲು ಅಥವಾ ಮನೆಯಲ್ಲಿರುವ ಹಳೆಯ ರಬ್ಬರ್ ಹವಾಯಿ. ಹರಿದ ಹವಾಯಿಯನ್ನು ಮಾತ್ರ ಅಲ್ಲೇ ಬಿಟ್ಟು ಬರಬೇಡಿ.

ಕೊಳ್ಳಲೇಬೇಕಾದರೆ

ಹೊಸ ಬಟ್ಟೆ ಕೊಳ್ಳಲೇಬಾರದು ಎಂದಲ್ಲ. ಕೊಂಡರೆ ಹತ್ತಿರದ ಮಗ್ಗದ್ದನ್ನು, ವರ್ಷವಿಡೀ ಬಳಸುವಂಥದ್ದನ್ನು ಕೊಳ್ಳಿರಿ. ನಮ್ಮ ಸುತ್ತ ನೇಕಾರರ ಊರುಗಳಿಗೆ ಕೊರತೆಯಿಲ್ಲ. ಉತ್ತರಕ್ಕೆ ಸೋಲಾಪುರ. ಅಲ್ಲಿನ ಚಾದರ ಮತ್ತು ಟವೆಲುಗಳಿಗೆ ಜಿಐ ಗುರುತಿದೆ. ಪಶ್ಚಿಮಕ್ಕೆ ಇಚಲಕರಂಜಿ. 1904ರಲ್ಲಿ ವಿಠ್ಠಲರಾವ್ ದಾತಾರ ಅವರು ಮೊದಲ ವಿದ್ಯುತ್ ಮಗ್ಗ ಹಾಕಿದ ಊರು. ಗಡಿ ದಾಟಿದರೆ ರಬಕವಿ-ಬನಹಟ್ಟಿ, ಇನ್ನೂ ಮುಂದೆ ಗುಳೇದಗುಡ್ಡ, ಇಳಕಲ್ಲ. ನಮ್ಮ ಹೆಣ್ಣುಮಕ್ಕಳ ಇರಕಲ್ ಸೀರೆ, ಖಣದ ಕುಬಸ ಬರುವುದು ಅಲ್ಲಿಂದಲೇ. ಖಾದಿ ಬೇಕಿದ್ದವರಿಗೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ರಾಷ್ಟ್ರಧ್ವಜ ತಯಾರಿಸುವ ಸಂಸ್ಥೆ ಇದೇ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಹಾಗೂ ಯಂತ್ರದಲ್ಲಿ ತಯಾರಿಸಿದ ಧ್ವಜಕ್ಕೂ ಅನುಮತಿ ಸಿಕ್ಕಾಗ ಖಾದಿಯನ್ನು ನಂಬಿದವರು ಪ್ರತಿಭಟಿಸಿದರು. ಧ್ವಜಕ್ಕೇ ಪಾಲಿಯೆಸ್ಟರ್ ಬಂದ ಮೇಲೆ ಶರ್ಟಿನ ಮಾತೇನು? ಆದರೂ ಖಾದಿಯ ಒಂದು ಅಂಗಿ ಕೊಂಡರೆ ನೂಲುವವರ, ನೇಯುವವರ ಮನೆಗೆ ಒಂದಿಷ್ಟು ಕೂಲಿ ಮುಟ್ಟುತ್ತದೆ.

ಕರಾವಳಿಗೆ ಹೋದವರು ಅಲ್ಲಿಂದ ನೆನಪಿಗೆ ಏನಾದರೂ ತರಬೇಕೆಂದರೆ ಉಡುಪಿ ಸೀರೆ ನೋಡಬಹುದು. ತೆಳ್ಳನೆಯ ಹತ್ತಿ ಕೈಮಗ್ಗದ ಸೀರೆ. 2016ರಲ್ಲಿ ಜಿಐ ಗುರುತು ಪಡೆಯಿತು. ನೇಕಾರರು ಬೆರಳೆಣಿಕೆಗೆ ಇಳಿದಿದ್ದಾಗ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ ಮತ್ತು ಕದಿಕೆ ಟ್ರಸ್ಟ್ ಸೇರಿ ಮತ್ತೆ ಮಗ್ಗ ಹೂಡಿಸಿದವು. ಕರಾವಳಿಯ ತೇವಕ್ಕೆಂದೇ ಹುಟ್ಟಿದ ಸೀರೆ ನಮ್ಮ ಒಣ ಬಿಸಿಲಿಗೂ ಹಿತ.

ಮೋಸ ಹೋಗದಿರಲು ಎರಡು ಉಪಾಯ. ಒಂದು, ಗುರುತು ನೋಡಿ: ಕೈಮಗ್ಗದ ಬಟ್ಟೆಗೆ 2006ರಿಂದ "ಹ್ಯಾಂಡ್‌ಲೂಮ್ ಮಾರ್ಕ್" ಚೀಟಿ ಇದೆ, ಖಾದಿಗೆ ಖಾದಿ ಮಾರ್ಕ್ ಇದೆ. ಎರಡು, ಅಂಚಿನಿಂದ ಒಂದೆರಡು ನೂಲು ಕಿತ್ತು ಕಡ್ಡಿ ಗೀರಿ ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. "ಕಾಟನ್" ಎಂದು ಬರೆದ ಎಷ್ಟೋ ಬಟ್ಟೆಗಳು ಮಿಶ್ರ ನೂಲಿನವು ಎಂಬುದು ಆಗ ಗೊತ್ತಾಗುತ್ತದೆ.

ಬಣ್ಣ ಎಲ್ಲಿಗೆ ಹೋಗುತ್ತದೆ?

ಬಟ್ಟೆಗೆ ಬಣ್ಣ ಹಾಕಿದ ನೀರು ಎಲ್ಲಿಗಾದರೂ ಹೋಗಲೇಬೇಕು. ಕೊಲ್ಹಾಪುರ, ಇಚಲಕರಂಜಿಗಳ ಚರಂಡಿ ನೀರಿನ ಜೊತೆ ಬಟ್ಟೆ ಸಂಸ್ಕರಣೆಯ ಕೊಳೆ ನೀರೂ ಪಂಚಗಂಗೆ ಸೇರುತ್ತದೆ ಎಂಬ ದೂರು ಅನೇಕ ವರ್ಷಗಳದ್ದು. ತೇರವಾಡ ಬಂಧಾರೆಯ ಹತ್ತಿರ ಸತ್ತ ಮೀನುಗಳು ರಾಶಿ ರಾಶಿ ತೇಲಿದ ಸುದ್ದಿಯನ್ನು ಮರಾಠಿ ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿಂದ ಕೃಷ್ಣೆ ಗಡಿ ದಾಟಿ ಅಥಣಿ, ಜಮಖಂಡಿ ಕಡೆಗೆ ಹರಿಯುತ್ತದೆ. ಜಮಖಂಡಿ ತಾಲೂಕಿನ ತುಬಚಿಯಲ್ಲಿ ಎತ್ತಿದ ನೀರು 2022ರ ಕೊನೆಯಲ್ಲಿ ನಮ್ಮ ತಿಕ್ಕುಂಡಿ ಕೆರೆಗೆ ಬಂದಾಗ ಜನ ಸಂತೋಷಪಟ್ಟದ್ದನ್ನು ಯಾರೂ ಮರೆತಿಲ್ಲ.

ಈಗ ಲೆಕ್ಕ ಹಾಕಿ ನೋಡಿ. ಅಗ್ಗದ, ಬೇಗ ಬಣ್ಣ ಬಿಡುವ ಬಟ್ಟೆಗೆ ನಾವು ಕೊಟ್ಟ ಬೇಡಿಕೆ ಪಂಚಗಂಗೆಯಲ್ಲಿ ಬಣ್ಣವಾಗಿ ಇಳಿದು, ಕೃಷ್ಣೆಯಲ್ಲಿ ಗಡಿ ದಾಟಿ, ತುಬಚಿಯಿಂದ ಏರಿ ನಮ್ಮ ಕೆರೆಗೇ ಬರಬಹುದು. ಬಟ್ಟೆಯ ಮೇಲೆ ರಾಜ್ಯದ ಹೆಸರು ಬರೆದಿರಬಹುದು, ನೀರಿನ ಮೇಲೆ ಬರೆಯಲಾಗುವುದಿಲ್ಲ. ಆದ್ದರಿಂದ ತಿಳಿ ಬಣ್ಣದ, ಬಿಳುಪು ಮಾಡದ, ಇಲ್ಲವೆ ನೈಸರ್ಗಿಕ ಬಣ್ಣದ ಬಟ್ಟೆ ಸಿಕ್ಕಲ್ಲಿ ಅದನ್ನೇ ಆರಿಸಿ. ಸಾಗರ ತಾಲೂಕಿನ ಭೀಮನಕೋಣೆಯ ಚರಕ ಮಹಿಳಾ ಸಂಘ ಅಡಿಕೆ ಚೊಗರಿನಂಥ ಸಹಜ ಬಣ್ಣಗಳಿಂದ ಕೈಮಗ್ಗದ ಬಟ್ಟೆ ಮಾಡಿ ಹೆಸರಾಗಿದೆ. ಅದಾವುದೂ ಸಿಗದಿದ್ದರೆ ಕೊಂಡ ಬಣ್ಣದ ಬಟ್ಟೆಯನ್ನೇ ಹೆಚ್ಚು ವರ್ಷ ಉಡಿ. ಅದೂ ನದಿಗೆ ಮಾಡಿದ ಉಪಕಾರವೇ.

ತಿರುಗಿ ಬಂದ ಮೇಲೆ

ಸಮುದ್ರದ ಉಪ್ಪು ಬಟ್ಟೆಯಲ್ಲಿ ಉಳಿದರೆ ನೂಲು ಒರಟಾಗುತ್ತದೆ, ಬಣ್ಣ ಮಾಸುತ್ತದೆ. ಅಂದೇ ಒಂದು ಬಕೆಟ್ ಸಿಹಿನೀರಿನಲ್ಲಿ ಎಲ್ಲರ ಬಟ್ಟೆಗಳನ್ನೂ ಒಟ್ಟಿಗೆ ಅದ್ದಿ ಹಿಂಡಿ. ಸಾಬೂನು ಬೇಡ. ಊರಿಗೆ ಬಂದ ಮೇಲೆ ಒಮ್ಮೆ ಒಗೆದರೆ ಸಾಕು. ಪಾಲಿಯೆಸ್ಟರ್ ಬಟ್ಟೆಗಳನ್ನು ಯಂತ್ರಕ್ಕೆ ಹಾಕುವಾಗ ತಣ್ಣೀರು ಬಳಸಿ, ಯಂತ್ರ ತುಂಬುವಷ್ಟು ಹಾಕಿ. ಕಡಿಮೆ ಎಳೆ ಕೀಳುತ್ತವೆ. ಬಣ್ಣದ ಬಟ್ಟೆ ನೆರಳಿನಲ್ಲಿ ಒಣಗಲಿ.

ಇನ್ನೊಂದು ವಿನಂತಿ. ತೀರ್ಥಸ್ನಾನ ಮಾಡಿ ಉಟ್ಟ ಬಟ್ಟೆಯನ್ನು ನೀರಿಗೆ ಬಿಡುವ ರೂಢಿ ನಮ್ಮಲ್ಲಿ ಕೆಲವರಿಗೆ ಇದೆ. ಹತ್ತಿಯನ್ನೇ ಉಡುತ್ತಿದ್ದ ಕಾಲದಲ್ಲಿ ಅದು ಕೊಳೆತು ಹೋಗುತ್ತಿತ್ತು. ಇಂದಿನ ಪಾಲಿಯೆಸ್ಟರ್ ಸೀರೆ ಕೊಳೆಯುವುದಿಲ್ಲ, ಮೀನುಗಾರರ ಬಲೆಗೆ ಸಿಕ್ಕುತ್ತದೆ. ಕೊಂಕಣದ ವೇಳಾಸದಂಥ ತೀರಗಳಿಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಅವುಗಳ ದಾರಿಗೆ ನಮ್ಮ ಚಿಂದಿ ಅಡ್ಡವಾಗಬಾರದು. ಬಿಡಲೇಬೇಕೆಂಬ ಹರಕೆಯಿದ್ದರೆ ಬಟ್ಟೆಯನ್ನು ಒಗೆದು ಇಲ್ಲದವರಿಗೆ ಕೊಡಿ. ದೇವರು ಮುನಿಯುವುದಿಲ್ಲ.

ಮೂರು ದಿನದ ಪ್ರವಾಸಕ್ಕೆ ಒಬ್ಬರ ಗಂಟು

* ಸಡಿಲ ಹತ್ತಿ ಬಟ್ಟೆ: ಎರಡು ಜೊತೆ (ಮನೆಯಲ್ಲಿ ಇದ್ದದ್ದು)
* ಗುಡಿಗೂ ತೀರಕ್ಕೂ ಆಗುವ ಧೋತರ, ಲುಂಗಿ ಅಥವಾ ಹತ್ತಿ ಸೀರೆ: ಒಂದು
* ನೀರಿಗೆ ಇಳಿಯಲು ಮೈಗೆ ಹೊಂದುವ, ಎದ್ದು ಕಾಣುವ ಬಣ್ಣದ ಬಟ್ಟೆ: ಒಂದು ಜೊತೆ
* ತೆಳ್ಳನೆಯ ಪಂಚಾ: ಎರಡು
* ತಲೆಗೆ ರುಮಾಲು ಅಥವಾ ಟೋಪಿ
* ಹಳೆಯ ರಬ್ಬರ್ ಚಪ್ಪಲಿ
* ಒದ್ದೆ ಬಟ್ಟೆಗೆ ಹಳೆಯ ಸೀರೆಯ ಪಿಶವಿ
* ಇಡೀ ಮನೆಗೆ ಒಂದು ತೆಳ್ಳನೆಯ ಕೌದಿ

ಇಷ್ಟೂ ಒಂದೇ ಚೀಲದಲ್ಲಿ ಹಿಡಿಸುತ್ತದೆ. ಪೇಟೆಗೆ ಹೋಗುವ ಖರ್ಚು ಉಳಿಯುತ್ತದೆ. ಉಳಿದ ದುಡ್ಡಿನಲ್ಲಿ ಮಕ್ಕಳಿಗೆ ಮಾಲವಣದಲ್ಲಿ ದೋಣಿ ಹತ್ತಿಸಿ ಸಿಂಧುದುರ್ಗ ಕೋಟೆ ತೋರಿಸಿ. ಜೂನ್ ಬಂದ ಮೇಲೆ ಮಳೆಗಾಲದ ಸಮುದ್ರಕ್ಕೆ ಇಳಿಯುವಂತಿಲ್ಲ. ಹೋಗುವವರು ಅದಕ್ಕೆ ಮೊದಲೇ ಹೋಗಿ ಬನ್ನಿ.